ಪುಟ್ಟತ್ತೆ ಹೋಟೆಲು ಹುಡುಕಿದ ಸಂಜೆ

ಹೋಟೆಲ್ ತಿಂಡಿಯೆಂದರೆ ಗಂಡಸರು ತಿಂದು ಬಂದು ವರ್ಣಿಸುವುದು, ಹೆಂಗಸರು ಮಕ್ಕಳು ಬಾಯಲ್ಲಿ ನೀರೂರಿಸಿಕೊಂಡು ಕೇಳುವುದು, ಅಷ್ಟೇ ಆಗಿದ್ದ ಕಾಲ ಅದು. ಲಷ್ಕರ್ ಮೊಹಲ್ಲಾದ ನಮ್ಮ ಮನೆಯಲ್ಲಿ ಅಪ್ಪನ ತಂಗಿ ಪುಟ್ಟತ್ತೆಯೂ ಇದ್ದಳು. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ್ದವಳು. ಹಟ ಹಿಡಿದು ಓದಿದ್ದವಳಿಗೆ ಆ ಬೇಸಿಗೆಯಲ್ಲಿ ದೂರದ ಹಳ್ಳಿಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಹೊರಡುವ ಹಿಂದಿನ ದಿನ ನನ್ನ ಕೈ ಹಿಡಿದುಕೊಂಡು ಅಜ್ಜಿಗೆ ಹೇಳಿದಳು:

“ಅವ್ವಾ, ಮಗೀನ ಕರ್ಕೊಂಡು ಹೋಟ್ಲಲ್ಲಿ ಪೂರಿ ತಿಂದು ಬರ್ತೀನಿ.”

ರೊಟ್ಟಿ ತಟ್ಟುತ್ತಿದ್ದ ಅಜ್ಜಿಯ ಕೈ ನಿಂತಿತು. “ಗಂಡಸ್ರಿಲ್ದೆ ಎಂಗೆ ಹೋಯ್ತೀಯೆ? ಜನ ಏನಂದಾರು?”

“ನಾಳೆಯಿಂದ ನಾನೊಬ್ಳೇ ಇರ್ಬೇಕಲ್ವಾ?”

ಅಜ್ಜಿ ಮತ್ತೆ ರೊಟ್ಟಿ ತಟ್ಟತೊಡಗಿದಳು.

ದೊಡ್ಡ ಗಡಿಯಾರದ ಬಳಿಯ ಹೋಟೆಲಿನ ಬಾಗಿಲಲ್ಲೇ ಕಾಫಿಯ ಘಮ. ಒಳಗೆ ಬರೀ ಪಂಚೆ, ಕೋಟು, ಸಿಗರೇಟಿನ ಹೊಗೆ. ಅತ್ತೆ ಹೊಸ್ತಿಲವರೆಗೂ ಹೋಗಿ ಹಿಂದಿರುಗಿದಳು. ಇನ್ನೊಂದರಲ್ಲಿ ಫ್ಯಾಮಿಲಿ ರೂಮೇನೋ ಇತ್ತು, ಅದರ ತುಂಬ ಆಲೂಗಡ್ಡೆ ಮೂಟೆ ಪೇರಿಸಿದ್ದರು. ಅದರಾಚೆಯ ಹೋಟೆಲಿನಲ್ಲಿ ಅಪ್ಪನ ಸ್ನೇಹಿತರು ಕೂತಿದ್ದುದು ಕಂಡು ಅತ್ತೆ ಸೆರಗೆಳೆದುಕೊಂಡು ಮಾರ್ಕೆಟ್ಟಿನ ಕಡೆ ಸರಸರ ನಡೆದಳು. ಅವಳ ಮುಷ್ಟಿಯಲ್ಲಿ ನನ್ನ ಬೆರಳುಗಳು ಬೆವರಿ ಜಾರುತ್ತಿದ್ದವು.

“ಅತ್ತೆ, ಮನೇಗ್ ಹೋಗೋಣ.”

“ಹೆದರ್ಬೇಡ ಕಣೇ, ನಾನಿದೀನಿ. ಇವತ್ತು ವಾಪಸ್ ಹೋಗ್ಬುಟ್ರೆ ಇನ್ಯಾವತ್ತೂ ಬರಕ್ಕಾಗಲ್ಲ.”

ಹಾಗೆಂದವಳೇ ಮುಂದೆ ಸಿಕ್ಕ ಹೋಟೆಲಿಗೆ ನುಗ್ಗಿ, ಎಲ್ಲರಿಗೂ ಕಾಣುವ ನಡುಮೇಜಿಗೇ ಕೂತುಬಿಟ್ಟಳು. ಸುತ್ತಲಿನವರೆಲ್ಲ ತಿರುಗಿ ನೋಡಿದರು. ಸಪ್ಲೈಯರ್ ಬಂದು, “ಗಂಡಸ್ರು ಬರ್ತಾ ಇದಾರಾ ತಾಯಿ?” ಎಂದ.

“ಇಲ್ಲ, ನಾವೇ ಬಂದಿರೋದು. ಎರಡು ಪೂರಿ ಸಾಗು ತನ್ನಿ.” ಹಾಗೆಂದು ಅತ್ತೆ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದಳು.

ಉಬ್ಬಿದ ಪೂರಿಗೆ ಬೆರಳು ಚುಚ್ಚಿದೆ, ಹಬೆ ಭುಸ್ಸೆಂದಿತು. ಅತ್ತೆ ತಲೆ ಎತ್ತದೆ ತಿಂದಳು. ಆದರೆ ಪೂರ್ತಿ ತಿಂದಳು, ಇನ್ನೊಂಚೂರು ಸಾಗು ಕೇಳಿ ಹಾಕಿಸಿಕೊಂಡಳು ಕೂಡ.

ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಜಗಲಿಯ ಮೇಲೆ ಅಪ್ಪ ಮುಖ ಗಂಟಿಕ್ಕಿ ಕೂತಿದ್ದರು. ಅವರು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಒಳಗಿಂದ ಬಂದು ಅಡ್ಡ ನಿಂತಳು. “ಬುಡೋ ಅತ್ಲಾಗೆ. ನಾಳೆ ಹೊಂಟೋಯ್ತಾಳೆ.” ಆಮೇಲೆ ಅಡುಗೆಮನೆಯಲ್ಲಿ ಅತ್ತೆಯ ಪಕ್ಕ ಕೂತು ಮೆಲ್ಲಗೆ ಕೇಳಿದಳು, “ಅದೇನೋ ಸಾಗು ಅಂತಾರಲ್ಲ, ಎಂಗಿತ್ತೇ?”

ಪುಟ್ಟತ್ತೆ ನಿವೃತ್ತಿಯವರೆಗೂ ಊರೂರು ತಿರುಗಿ ಪಾಠ ಹೇಳಿದಳು. ಈಗ ಅವಳಿಲ್ಲ. ನಾನೊಬ್ಬಳೇ ಯಾವ ಹೋಟೆಲಿಗೆ ಹೋದರೂ ಈಗ ಯಾರೂ ತಿರುಗಿ ನೋಡುವುದಿಲ್ಲ, ಅದು ಒಳ್ಳೆಯದೇ. ತಾವೇ ಹೆದರಿದ್ದರೂ ನನಗೆ ಧೈರ್ಯ ಹೇಳುವಂಥವರು ಮಾತ್ರ ಆಮೇಲೆ ಯಾರೂ ಸಿಗಲಿಲ್ಲ.