ಮಾತು ನಿಲ್ಲಿಸದೆ ಮೊನ್ಸಾಂತೊ ಹತ್ತಿದ್ದು

ಮೇ ತಿಂಗಳ ಒಂದು ಬುಧವಾರ ಬೆಳಿಗ್ಗೆ ಲಂಡನ್ನಿನ ಕೆಂಟನ್‌ನ ಮನೆಯನ್ನು ಮಗಳಿಗೆ ಬಿಟ್ಟು ಪೋರ್ಚುಗಲ್ಲಿಗೆ ಹೊರಟೆವು. ಕೈಚೀಲದಲ್ಲಿ ಬಟ್ಟೆಗಿಂತ ಮಾತ್ರೆಗಳೇ ಹೆಚ್ಚಿದ್ದವು. ಎಂಟು ತಿಂಗಳ ಹಿಂದೆ ನನ್ನ ಗಂಡ ಸುಧಾಕರ ಅವರಿಗೆ ಎದೆನೋವು ಬಂದು, ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರು. ಅದಕ್ಕೆ ಮೊದಲು ಹದಿನೈದು ವರ್ಷ ಭಾನುವಾರ ಬಂತೆಂದರೆ ಅವರಿಗೆ ಸೈಕಲ್ ಒಂದೇ ದೇವರು. ಆಸ್ಪತ್ರೆಯಿಂದ ಬಂದ ಮೇಲೆ ಆ ಸೈಕಲ್ ಹಿತ್ತಲ ಶೆಡ್ಡಿನಲ್ಲಿ ಧೂಳು ತಿನ್ನುತ್ತಿತ್ತು.

"ಒಂದು ಒಳ್ಳೆ ಗುಡ್ಡ ಹತ್ತಿ ಇಳಿದು ಬಂದ್ರೆ ನಾನು ರೋಗಿ ಅಲ್ಲ ಅಂತ ಲೆಕ್ಕ. ಆಗದಿದ್ರೆ ಸೈಕಲ್ ಮಾರಿ ಕೈ ತೊಳೆದುಕೊಳ್ತೇನೆ" ಎಂದು ಅವರು ಚಳಿಗಾಲದಲ್ಲೇ ಹೇಳಿದ್ದರು. ಸೈಕಲ್ ಮಾರಿದರೆ ನನಗೇನೂ ನಷ್ಟವಿರಲಿಲ್ಲ. ಆದರೆ ಸೈಕಲ್ ಮಾರಿದ ಸುಧಾಕರ ಹೇಗಿರುತ್ತಾರೆಂದು ನೆನೆದರೇ ನನಗೆ ಭಯವಾಗುತ್ತಿತ್ತು. ಹೃದಯದ ಡಾಕ್ಟರು ಒಪ್ಪಿಗೆ ಕೊಟ್ಟರು, ಒಂದು ಷರತ್ತು ಹಾಕಿದರು: ತುಳಿಯುವಾಗ ಸಲೀಸಾಗಿ ಮಾತಾಡಲು ಆಗಬೇಕು, ಮಾತು ಕಟ್ಟಿತೆಂದರೆ ಅಲ್ಲೇ ನಿಲ್ಲಬೇಕು. ಮಾತಾಡಿಸುವ ಕೆಲಸ ನನ್ನದಾಯಿತು. ಬಾಗಿಲಲ್ಲಿ ನಿಂತ ಮಗಳು ನಿಧಿ, "ಡ್ಯಾಡ್, ಪ್ಲೀಸ್ ಡೋಂಟ್ ಶೋ ಆಫ್" ಎಂದಳು. "ಶೋ ಎಂತದ್ದು ಮಾರಾಯ್ತಿ, ಸುಮ್ಮನೆ ಹೋಗಿ ಬರ್ತೇವೆ" ಎಂದು ಇವರು ನಕ್ಕರು.

ಹೀಥ್ರೋದಲ್ಲಿ ಡಾಕ್ಟರ್ ಗಿರೀಶ್ ಜೊತೆಯಾದರು. ಧಾರವಾಡದವರು, ಇವರ ಭಾನುವಾರದ ಸೈಕಲ್ ಗೆಳೆಯ. "ನನ್ನ ನಂಬಿ ಬರಬ್ಯಾಡ್ರಿ ವಸಂತಿಯವರ. ನಾ ಎಲುಬಿನ ಡಾಕ್ಟರ್. ಮೊಣಕಾಲು ಮುರದ್ರ ಹೇಳ್ರಿ, ಎದಿ ವಿಷಯ ನನಗ ಅಷ್ಟಕ್ಕಷ್ಟ" ಎಂದು ಮೊದಲೇ ಹೇಳಿಬಿಟ್ಟರು. ಎಂಥಾ ಧೈರ್ಯದ ಮಾತು!

ಲಿಸ್ಬನ್‌ಗೆ ಎರಡೂವರೆ ಗಂಟೆಯ ಹಾರಾಟ. ಸುಧಾಕರ ವಿಮಾನ ಏರಿದ ಹತ್ತು ನಿಮಿಷಕ್ಕೆ ಗೊರಕೆ ಶುರು ಮಾಡಿದರು. ಇಪ್ಪತ್ತೆರಡು ವರ್ಷ ನಾನು ಈ ಗೊರಕೆಯನ್ನು ಮೊಣಕೈಯಿಂದ ತಿವಿದು ನಿಲ್ಲಿಸಿದವಳು. ಈ ಎಂಟು ತಿಂಗಳಿಂದ ಮಾತ್ರ ತಿವಿದಿರಲಿಲ್ಲ. ಗೊರಕೆ ನಿಂತರೇ ನನಗೆ ಎಚ್ಚರವಾಗುತ್ತಿತ್ತು. ಎದ್ದು ಕೂತು ಅವರ ಹೊಟ್ಟೆ ಏರುವುದನ್ನು, ಇಳಿಯುವುದನ್ನು ನೋಡುತ್ತಿದ್ದೆ. ವಿಮಾನದಲ್ಲೂ ಪಕ್ಕದ ಸಾಲಿನವರು ತಿರುಗಿ ನೋಡಿದರು. ನಾನು ಕೇಳಿಸದವಳಂತೆ ಕಿಟಕಿ ನೋಡಿದೆ.

ಲಿಸ್ಬನ್ನಿನಿಂದ ಕಾಸ್ಟೆಲೊ ಬ್ರಾಂಕೊ ಎಂಬ ಊರಿಗೆ ರೈಲಿನಲ್ಲಿ ಸುಮಾರು ಮೂರು ಗಂಟೆ. ಕೊನೆಯ ಅರ್ಧ ದಾರಿ ತೇಜೋ ನದಿಯ ಪಕ್ಕದಲ್ಲೇ. ಸ್ಟೇಷನ್ನಿಗೆ ನಮ್ಮ ಗೈಡ್ ರುಯಿ ವ್ಯಾನ್ ತಂದಿದ್ದ. ನಲವತ್ತರ ಆಸುಪಾಸಿನ, ಬಿಸಿಲಿಗೆ ಮುಖ ಕೆಂಪಾದ ಮನುಷ್ಯ. ಮೊನ್ಸಾಂತೊ ಗುಡ್ಡದ ಬುಡದ ಒಂದು ಕಲ್ಲಿನ ಮನೆಯಲ್ಲಿ ನಮ್ಮ ವಸತಿ. ಮನೆಯೊಡತಿ ಮಾಡಿದ ಸೊಪ್ಪಿನ ಸಾರಿನಲ್ಲಿ ಮಾಂಸದ ತುಂಡು ಇರಬಾರದೆಂದು ರುಯಿ ಮೂರು ಬಾರಿ ಹೇಳಿದ. ಆಕೆ ನಮ್ಮನ್ನು ಪಾಪ ಎಂಬಂತೆ ನೋಡಿ, ಆಲೂಗಡ್ಡೆ ಇನ್ನೊಂದು ಸೌಟು ಹಾಕಿದರು.

ಗುರುವಾರ ಸುಲಭದ ದಾರಿ. ಬಯಲಿನಲ್ಲಿ ಇಡಾನ್ಯಾ-ಆ-ವೆಲ್ಯಾ ಎಂಬ ಹಳೇ ಊರಿಗೆ ಹೋಗಿ ಬರುವುದು. ಗಿರೀಶರಿಗೂ ಇವರಿಗೂ ದಪ್ಪ ಟೈರಿನ ಬೆಟ್ಟದ ಸೈಕಲ್, ನನಗೆ ಬ್ಯಾಟರಿಯದು. ಇವರಿಗೂ ಬ್ಯಾಟರಿಯದನ್ನೇ ಕೊಡಿ ಎಂದರೆ, "ಅದು ಸ್ಕೂಟರ್, ಸೈಕಲ್ ಅಲ್ಲ" ಎಂದು ಮುಖ ತಿರುಗಿಸಿದರು. ಅಲ್ಲಿ ಗಾಡಿಗಳೆಲ್ಲ ರಸ್ತೆಯ ಬಲಕ್ಕೆ. ಗೇಟು ದಾಟಿದ ಕೂಡಲೇ ನಾವು ಮೂವರೂ ಲಂಡನ್ ಅಭ್ಯಾಸದಲ್ಲಿ ರಸ್ತೆಯ ಎಡಕ್ಕೆ ನುಗ್ಗಿದೆವು. ಎದುರು ಬಂದ ಟ್ರ್ಯಾಕ್ಟರಿನ ಅಜ್ಜ ಗಾಡಿ ನಿಲ್ಲಿಸಿ, ನಮಗೆ ಬುದ್ಧಿ ಬರಲೆಂದು ಕಾಯುತ್ತಾ ಕುಳಿತ.

ಆಲಿವ್ ಮರಗಳು, ಕಲ್ಲಿನ ಬೇಲಿ, ಕಂಬದ ಮೇಲೆ ಕೊಕ್ಕರೆಗಳ ದೊಡ್ಡ ಗೂಡುಗಳು. ಎರಡು ಸಾವಿರ ವರ್ಷದ ಹಿಂದೆ ರೋಮನ್ನರು ಕಟ್ಟಿದ ಗೋಡೆಯ ಒಳಗೆ ಈಗಲೂ ಕೆಲವು ಮನೆಗಳಿವೆ, ಬಟ್ಟೆ ಒಣಗುತ್ತಿತ್ತು. ದಾರಿಯುದ್ದಕ್ಕೂ ನಾನು ಹಿಂದಿನಿಂದ "ಹ್ವಾಯ್, ಮಾತಾಡಿ" ಎನ್ನುವುದು, ಇವರು ನಮ್ಮ ಕುಂದಾಪುರದ ತಿಂಡಿಗಳ ಹೆಸರು ಒಪ್ಪಿಸುವುದು. ಲಂಡನ್ನಿಗೆ ಬಂದ ಹೊಸತರಲ್ಲಿ ಹೋಟೆಲಿನಲ್ಲಿ ಬಡಿಸುತ್ತಿದ್ದವರು. ಈಗ ಗ್ರೀನ್‌ಫರ್ಡ್‌ನ ದಿನಸಿ ಗೋದಾಮಿನಲ್ಲಿ ಮ್ಯಾನೇಜರ್. "ಗೋಳಿಬಜೆ, ಬನ್ಸ್, ನೀರುದೋಸೆ, ಶ್ಯಾವಿಗೆ, ಪತ್ರೊಡೆ..." ಮೂವತ್ತು ಕಿಲೋಮೀಟರ್ ತುಳಿದರೂ ಪಟ್ಟಿ ಮುಗಿಯಲಿಲ್ಲ.

ಶುಕ್ರವಾರ ಗುಡ್ಡ. ಮೊನ್ಸಾಂತೊ ಇರುವುದು ಗುಡ್ಡದ ನೆತ್ತಿಯ ಹತ್ತಿರ. ಆನೆಗಿಂತ ದೊಡ್ಡ ಬಂಡೆಗಳ ಕೆಳಗೆ, ನಡುವೆ ಜನ ಮನೆ ಕಟ್ಟಿಕೊಂಡಿದ್ದಾರೆ. ಕೆಲವು ಮನೆಗೆ ಬಂಡೆಯೇ ಮಾಡು, ಬೇರೆ ಚಾವಣಿ ಇಲ್ಲ. ಅಲ್ಲಿಂದ ಮೇಲೆ ಹಳೇ ಕೋಟೆ. ನಾನು ತಿಂಡಿಗೆ ಬಂದಾಗ ಸುಧಾಕರ, "ನಾನು ಗಿರೀಶರೊಟ್ಟಿಗೆ ಆಗ್ಲೇ ಮುಗಿಸಿದೆ" ಎಂದು ಟೈರಿಗೆ ಗಾಳಿ ಹಾಕುತ್ತಿದ್ದರು. ಬಿಸಿಲು ಬೇಗ ಏರಿತು. ಕಾಡಿನ ದಾರಿ ಮುಗಿದು ಕಲ್ಲು ಹಾಸಿದ ಏರು ಶುರುವಾದಾಗ ನಾನು ಮಾತಿಗೆ ಎಳೆದೆ. ಅಂದು ತಿಂಡಿ ಬರಲಿಲ್ಲ, ಲಂಡನ್ನಿನ ಟ್ಯೂಬ್ ರೈಲಿನ ಸ್ಟೇಷನ್ನುಗಳು ಬಂದವು. "ಕೆಂಟನ್, ಸೌತ್ ಕೆಂಟನ್, ನಾರ್ತ್ ವೆಂಬ್ಲಿ, ವೆಂಬ್ಲಿ ಸೆಂಟ್ರಲ್..." ಇದೇನು ಹೊಸ ಪಾಠ ಎಂದುಕೊಂಡೆ. "ಸ್ಟೋನ್‌ಬ್ರಿಜ್ ಪಾರ್ಕ್" ಎಂದವರು ಮುಂದೆ ಮಾತಾಡಲಿಲ್ಲ.

"ಹ್ವಾಯ್?" ಎಂದೆ. ಸೈಕಲ್ ಎಡಕ್ಕೆ ವಾಲಿತು, ಇವರು ಬೇಲಿಯ ಕಲ್ಲಿಗೆ ಒರಗಿ ಮೆಲ್ಲನೆ ಕುಸಿದು ಕೂತರು. ಮುಖ ಬೆಳ್ಳಗಾಗಿತ್ತು, ಹಣೆಯಲ್ಲಿ ತಣ್ಣನೆ ಬೆವರು. ನಾನೇ ಕರೆದುಕೊಂಡು ಬಂದು ಕೊಂದೆನಲ್ಲ ಎಂದು ಒಂದೇ ಸಮನೆ ತಲೆಯಲ್ಲಿ ಓಡುತ್ತಿತ್ತು. ಮುಂದಿದ್ದ ಗಿರೀಶ್ ಸೈಕಲ್ ಬಿಸಾಡಿ ಓಡಿ ಬಂದು ನಾಡಿ ಹಿಡಿದರು.

"ಎದಿ ನೋವೈತೇನ್ರಿ?"

"ಇಲ್ಲ."

"ಎಡಗೈ? ದವಡಿ? ಉಸುರು?"

"ಎಂತದ್ದೂ ಇಲ್ಲ. ಕಣ್ಣು ಕತ್ತಲೆ ಬಂತು ಅಷ್ಟೆ."

ಗಿರೀಶ್ ಸ್ವಲ್ಪ ಹೊತ್ತು ನಾಡಿ ಎಣಿಸಿದರು. ಆಮೇಲೆ, "ಮುಂಜಾನೆ ಏನ್ ತಿಂದೀರಿ?" ಎಂದರು.

"ನಿಮ್ಮೊಟ್ಟಿಗೇ ತಿಂದರಲ್ಲ" ಎಂದೆ ನಾನು.

"ನನ್ನ ಜೋಡಿ ಎಲ್ರೀ? ನಿಮ್ಮ ಜೋಡಿ ತಿಂತೀನಿ ಅಂದಿದ್ರು!"

ಅಷ್ಟರಲ್ಲಿ ಹಿಂದೆ ಸೈಕಲ್ಲಿನಲ್ಲಿ ಬರುತ್ತಿದ್ದ ರುಯಿ ಸಿಹಿ ಏನಾದರೂ ಇದೆಯೇ ಎಂದು ಇವರ ಬೆನ್ನಚೀಲ ತೆರೆದ. ಟಿಶ್ಯೂ ಪೇಪರಿನಲ್ಲಿ ಸುತ್ತಿದ ಜೋಳದ ಬ್ರೆಡ್ಡು, ಚೀಸು, ಅಂಜೂರದ ಜಾಮಿನ ಪುಟ್ಟ ಡಬ್ಬಿ ಹೊರಬಂದವು. ಬೆಳಗಿನ ತಿಂಡಿ ಹಾಗೇ ಇತ್ತು. ಇವರು ತಲೆ ತಗ್ಗಿಸಿದರು.

"ಅದು ನಾಳೆಗೆ. ಪಾರಣೆಗೆ" ಎಂದರು. "ಇವತ್ತು ಏಕಾದಶಿ."

ಆಸ್ಪತ್ರೆಯ ಮಂಚದ ಮೇಲೆ ಹರಕೆ ಹೊತ್ತಿದ್ದರಂತೆ: ನಡೆದುಕೊಂಡು ಮನೆಗೆ ಹೋದರೆ ಪ್ರತಿ ಏಕಾದಶಿ ನಿರಾಹಾರ, ಬರೀ ನೀರು. ಮಾತ್ರೆ ನುಂಗುವವರು ಉಪವಾಸ ಮಾಡಬಾರದೆಂದು ಡಾಕ್ಟರು ನನ್ನೆದುರೇ ಹೇಳಿದ್ದರು. ಅದಕ್ಕೇ ನನ್ನಿಂದ ಮುಚ್ಚಿಟ್ಟು, ಮಧ್ಯಾಹ್ನದ ಬುತ್ತಿಯನ್ನು ಗೋದಾಮಿನಲ್ಲಿ ಯಾರಿಗೋ ಕೊಟ್ಟು, ರಾತ್ರಿ ಹೊಟ್ಟೆ ಭಾರ ಎಂದು ಮಲಗುತ್ತಿದ್ದರು. ತಿಂಗಳಿಗೆರಡು ದಿನ ಡಬ್ಬಿ ಫಳಫಳ ತೊಳೆದು ಬರುತ್ತಿತ್ತು. ಕಾಯಿಲೆ ಬಂದ ಮೇಲೆ ಮನುಷ್ಯನಿಗೆ ಒಳ್ಳೆ ಬುದ್ಧಿ ಬಂತೆಂದು ನಾನು ಹಿಗ್ಗಿದ್ದೆ! ಅಯ್ಯೋ ನನ್ನ ಪೆದ್ದುತನವೇ.

ನಾನು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಕುಂದಾಪುರದ ಬೈಗುಳ ಪೋರ್ಚುಗಲ್ಲಿನ ಆ ಬಂಡೆಗಳಿಗೆ ಅದೇ ಮೊದಲಿರಬೇಕು. ರುಯಿ ಒಂದು ಕಿತ್ತಳೆ ಸುಲಿದು ಹಿಡಿದ. ಇವರು ಅನುಮಾನಿಸಿದರು. "ಹಣ್ಣು ನಡೀತೈತ್ರಿ, ನಮ್ಮವ್ವಾನೂ ತಿಂತಿದ್ಲು. ಬಾಯಿ ತಗೀರಿ" ಎಂದು ಗಿರೀಶ್ ಗದರಿದರು. ಎರಡು ಕಿತ್ತಳೆ ಒಳಗೆ ಹೋಗಿ ಕಾಲು ಗಂಟೆಯಾದ ಮೇಲೆ ಮುಖಕ್ಕೆ ಬಣ್ಣ ಬಂತು.

ಆದರೂ ನಾನು ಬಿಡಲಿಲ್ಲ. ರುಯಿ ವ್ಯಾನ್ ತರಿಸಿ ಪಕ್ಕದ ಊರಿನ ಆಸ್ಪತ್ರೆಗೆ ಕರೆದೊಯ್ದ. ಇಸಿಜಿ ತೆಗೆದರು, ರಕ್ತ ನೋಡಿದರು, ಮೂರು ಗಂಟೆ ಕೂರಿಸಿ ಮತ್ತೊಮ್ಮೆ ನೋಡಿದರು. ಅಲ್ಲಿನ ಡಾಕ್ಟರಮ್ಮ ಹೇಳಿದ್ದನ್ನು ರುಯಿ ಇಂಗ್ಲಿಷಿಗೆ ತಿರುಗಿಸಿದ: ಹೃದಯ ಚೆನ್ನಾಗಿದೆ, ಊಟ ಮಾಡಬೇಕು. ನಾನು ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ. ಎಂಟು ತಿಂಗಳಿಂದ ಕಟ್ಟಿಕೊಂಡಿದ್ದ ಅಳು, ನಿಲ್ಲಿಸಲು ಆಗಲಿಲ್ಲ.

"ನಾಳೆ?" ಎಂದು ಇವರು ಸಣ್ಣ ದನಿಯಲ್ಲಿ ಕೇಳಿದರು. ಗಿರೀಶ್ ನನ್ನ ಮುಖ ನೋಡಿದರು. ಬೇಡ ಎನ್ನುವುದು ಸುಲಭವಿತ್ತು. ಆದರೆ ಸೈಕಲ್ ಮಾರುವ ಮಾತು ನೆನಪಾಯಿತು. ಡಾಕ್ಟರಮ್ಮನನ್ನೇ ಕೇಳಿಸಿದೆ, ತಿಂದು, ನಿಧಾನಕ್ಕೆ ಹೋದರೆ ತೊಂದರೆಯಿಲ್ಲ ಎಂದರು. "ನನ್ನೆದುರು ತಿನ್ನಬೇಕು. ಬ್ಯಾಟರಿ ಸೈಕಲ್ ಹತ್ತಬೇಕು" ಎಂದೆ. ಸ್ಕೂಟರ್ ಎಂದವರು ತುಟಿ ಪಿಟಕ್ಕೆನ್ನದೆ ಒಪ್ಪಿದರು.

ಶನಿವಾರ ಬೆಳಿಗ್ಗೆ ದ್ವಾದಶಿ ಪಾರಣೆ ನನ್ನ ಕಣ್ಣೆದುರೇ ಆಯಿತು: ಜೋಳದ ಬ್ರೆಡ್ಡು, ಕುರಿಹಾಲಿನ ಚೀಸು, ಅಂಜೂರದ ಜಾಮು, ಎರಡು ಲೋಟ ಹಾಲು. ಅದೇ ದಾರಿ, ಅದೇ ಬಿಸಿಲು. ನಿನ್ನೆ ಕುಸಿದ ಜಾಗ ಬಂದಾಗ ಅವರ ಪಕ್ಕಕ್ಕೇ ಸೈಕಲ್ ತಂದೆ. "ಮಾತಾಡಿ" ಎಂದೆ. "ಗೋಳಿಬಜೆ!" ಎಂದು ಅವರು ಕೂಗಿದರು. ಅಲ್ಲಿಂದ ಮೇಲೆ ಬನ್ಸು, ನೀರುದೋಸೆ, ಹಲಸಿನೆಲೆಯ ಕೊಟ್ಟೆಕಡುಬು, ಮೂಡೆ, ಎಲ್ಲ ಬಂದವು. ಬಾಗಿಲಲ್ಲಿ ಕೂತ ಕಪ್ಪು ಬಟ್ಟೆಯ ಅಜ್ಜಿಯೊಬ್ಬರು ಇದು ಯಾವ ಪ್ರಾರ್ಥನೆ ಎಂಬಂತೆ ನೋಡಿದರು. ಸೈಕಲ್‌ಗಳನ್ನು ಊರಲ್ಲೇ ಬಿಟ್ಟು, ಮೆಟ್ಟಿಲಲ್ಲಿ ಕೋಟೆಗೆ ನಡೆದು ಹತ್ತಿದೆವು. ಸ್ಪೇನಿನವರೆಗೂ ಬಯಲು ಕಾಣುತ್ತಿತ್ತು.

"ಹರಕೆ ಬಿಟ್ರೆ ನೋವು ವಾಪಸ್ ಬರ್ತದೆ ಅಂತ ಹೆದರಿಕೆ ಆಗ್ತಿತ್ತು" ಎಂದರು ಇವರು, ಬಯಲನ್ನೇ ನೋಡುತ್ತಾ.

"ಹೆದರಿಕೆಯನ್ನು ನಂಗೂ ಸ್ವಲ್ಪ ಕೊಡಬಹುದಿತ್ತಲ್ಲ" ಎಂದೆ. "ಇನ್ನು ಏಕಾದಶಿಗೆ ಹಣ್ಣು, ಹಾಲು, ಅವಲಕ್ಕಿ. ದೇವರ ಹತ್ರ ನಾನು ಮಾತಾಡ್ತೇನೆ."

ಭಾನುವಾರ ಹೀಥ್ರೋದಲ್ಲಿಳಿದು, ಎಲಿಜಬೆತ್ ಲೈನಿನಲ್ಲಿ ಪ್ಯಾಡಿಂಗ್ಟನ್ನಿಗೆ ಬಂದು ಬೇಕರ್‌ಲೂ ರೈಲು ಹತ್ತಿದೆವು. ಹೊರಗೆ ಸಣ್ಣ ಮಳೆ. ನಿಧಿ, "ಡಿಡ್ ಹಿ ಬಿಹೇವ್?" ಎಂದು ಮೆಸೇಜ್ ಕಳಿಸಿದ್ದಳು, ಮನೆಗೆ ಬಂದು ಹೇಳುತ್ತೇನೆ ಎಂದು ಬರೆದೆ. ಸುಧಾಕರ ಕ್ವೀನ್ಸ್ ಪಾರ್ಕ್ ದಾಟುವಷ್ಟರಲ್ಲಿ ನಿದ್ದೆ ಹೋಗಿದ್ದರು. ಹಾರ್ಲ್ಸ್‌ಡನ್ ಬಂದಾಗ ಗೊರಕೆ ಇಡೀ ಬೋಗಿಗೆ ಕೇಳುವಷ್ಟಾಯಿತು, ಎದುರಿನ ಹುಡುಗಿ ಕಿವಿಯ ಹೆಡ್‌ಫೋನ್ ಸರಿಮಾಡಿಕೊಂಡಳು. ನನಗೆ ನಾಚಿಕೆಯಾಯಿತು. ಮೊಣಕೈಯಿಂದ ಪಕ್ಕೆಗೆ ಬಲವಾಗಿ ಒಂದು ತಿವಿದೆ.

ಇವರು ಬೆಚ್ಚಿ ಎದ್ದು ಕಿಟಕಿಯ ಹೊರಗೆ ನೋಡಿದರು. "ಎಂತ ಮಾರಾಯ್ತಿ, ಇನ್ನೂ ಸ್ಟೋನ್‌ಬ್ರಿಜ್ ಪಾರ್ಕ್" ಎಂದರು. ಆಮೇಲೆ ಪಕ್ಕೆ ಸವರಿಕೊಳ್ಳುತ್ತಾ ನನ್ನನ್ನು ನೋಡಿ ಮೆಲ್ಲನೆ ನಕ್ಕರು.