ಹದ್ದಕ್ಕನ ಬೆರಳು

ಡ್ರೋನ್ ಕಾರ್ಖಾನೆಯಲ್ಲಿ ರೆಕ್ಕೆ ಅಂಟಿಸುವ ಹೆಂಗಸಿಗೆ ಹದ್ದಕ್ಕ ಎಂದು ಹೆಸರು ಬಿದ್ದಿದ್ದಕ್ಕೆ ಅವಳೇ ಕಾರಣ. ಕರೆಂಟ್ ತಂತಿಗೆ ಸಿಕ್ಕಿ ಸತ್ತ ಹದ್ದನ್ನು ಚೀಲದಲ್ಲಿ ಮನೆಗೆ ತಂದು, ಅಡುಗೆಮನೆಯ ನಲ್ಲಿಯ ಕೆಳಗೆ ಅದರ ರೆಕ್ಕೆ ತೊಳೆಯುವವರು ಇನ್ಯಾರಿದ್ದಾರೆ ಹೇಳಿ? ಅವತ್ತು ಅತ್ತೆ ಊಟ ಬಿಟ್ಟರು. ಕಟಿಂಗ್ ಅಂಗಡಿ ಇಟ್ಟಿದ್ದ ಗಂಡ ಮಾತ್ರ ಬಾಗಿಲಲ್ಲಿ ನಿಂತು, "ಇದಕ್ಕೂ ಕಟಿಂಗ್ ಮಾಡ್ಬೇಕಾ?" ಎಂದು ಕೇಳಿದ.

ಅವಳ ತಲೆಗೆ ಈ ಹುಳ ಬಿಟ್ಟವಳು ಕಾರ್ಖಾನೆಯ ಇಂಜಿನಿಯರ್ ಹುಡುಗಿ. ರೆಕ್ಕೆಯ ತುದಿಯಲ್ಲಿ ಗಾಳಿ ಸುಳಿ ಸುತ್ತಿ ಡ್ರೋನನ್ನು ಹಿಂದಕ್ಕೆ ಜಗ್ಗುತ್ತದೆ, ಬ್ಯಾಟರಿ ಸುಮ್ಮನೆ ಸವೆಯುತ್ತದೆ. ಹದ್ದು ತುದಿಗರಿಗಳನ್ನು ಬೆರಳಿನ ಹಾಗೆ ಬಿಡಿಸಿ ಆ ದೊಡ್ಡ ಸುಳಿಯನ್ನು ಒಡೆದುಬಿಡುತ್ತದೆ ಎಂದಿದ್ದಳು. ಅಂದಿನಿಂದ ಇಬ್ಬರಿಗೂ ಬೆರಳಿನದೇ ಧ್ಯಾನ. ಅಂಥವೇ ಬೆರಳು ಮಾಡಿ ಡ್ರೋನ್ ರೆಕ್ಕೆಯ ತುದಿಗೆ ಅಂಟಿಸಿ ಹಾರಿಸಿದರು. ಕೆಲವು ನಡುಗಿದವು, ಕೆಲವು ಮುರಿದವು, ಒಂದು ಡ್ರೋನ್ ಕೆರೆ ಪಾಲಾಯಿತು. ಕೊನೆಗೆ ಕಾರ್ಖಾನೆ ಯಜಮಾನರ ತಾಳ್ಮೆ ಕೆಟ್ಟಿತು.

"ನೋಡಮ್ಮ, ಕೆರೆ ಆಚೆ ಆಸ್ಪತ್ರೆಗೆ ರಕ್ತ ಕೊಟ್ಟು ಬರೋ ಡ್ರೋನ್ ಇದು. ಸಾದಾ ರೆಕ್ಕೆಗಿಂತ ಜಾಸ್ತಿ ಚಾರ್ಜ್ ಉಳಿಸ್ಕೊಂಡು ಬಂದ್ರೆ ಸರಿ. ಇಲ್ಲಾಂದ್ರೆ ನಾಳೆಯಿಂದ ಬೆರಳು ಗಿರಳು ಏನೂ ಬೇಡ."

"ಆಗ್ಲಿ ಸರ್."

ಸಾದಾ ರೆಕ್ಕೆ ಅಂಟಿಸಿದರೂ ಅವಳಿಗೆ ಅದೇ ಸಂಬಳ. ಆದರೂ ಆ ಬೆರಳುಗಳ ಮೇಲೆ ಅವಳು ಜೀವವನ್ನೇ ಇಟ್ಟುಕೊಂಡಿದ್ದಳು.

ಪರೀಕ್ಷೆಯ ಬೆಳಿಗ್ಗೆ ಡ್ರೋನ್ ಅಂಗಳದಿಂದ ಎದ್ದು ನೀರಿನ ಟ್ಯಾಂಕ್ ದಾಟಿತ್ತಷ್ಟೆ. ಟ್ಯಾಂಕ್ ಮೇಲೆ ಕೂತಿದ್ದ ಹದ್ದು, ತನ್ನ ಜಾಗಕ್ಕೆ ಇನ್ನೊಂದು ಹದ್ದು ಬಂತೆಂದುಕೊಂಡಿತೋ ಏನೋ, ಮೇಲಿಂದ ಬಂದು ಎರಗಿತು. ಎಡರೆಕ್ಕೆಯ ಎರಡು ಬೆರಳು ಕಿತ್ತುಬಂದವು. ಡ್ರೋನ್ ವಾಲಿ, ಸಾವರಿಸಿಕೊಂಡು, ಮುಂದೆ ಹೋಯಿತು.

"ವಾಪಸ್ ಕರೆಸ್ಲಾ ಅಕ್ಕ? ಸರಿ ಮಾಡಿ ಮತ್ತೆ ಹಾರಿಸೋಣ," ಎಂದಳು ಇಂಜಿನಿಯರ್.

ಕರೆಸಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಹದ್ದಕ್ಕನಿಗೆ ಅದೆಲ್ಲಿತ್ತೋ ಹಠ.

"ಗರಿ ಉದುರಿದ್ರೆ ಹದ್ದು ರಜೆ ಹಾಕುತ್ತಾ? ಹೋಗ್ಲಿ ಬಿಡಮ್ಮ," ಎಂದಳು.

ಡ್ರೋನ್ ರಕ್ತ ತಲುಪಿಸಿ ಹಿಂದಿರುಗಿತು, ಒಂದು ಕಡೆ ವಾಲಿಕೊಂಡೇ. ಯಜಮಾನರು ಚಾರ್ಜ್ ನೋಡಿದರು.

"ಸಾದಾ ರೆಕ್ಕೆಯಷ್ಟೇ ಉಳಿದಿದೆ. ಜಾಸ್ತಿ ಏನಿಲ್ಲ."

ಮುಗಿಯಿತು ಎಂದುಕೊಂಡಳು ಹದ್ದಕ್ಕ. ಯಜಮಾನರು ಅಷ್ಟಕ್ಕೇ ಹೋಗಲಿಲ್ಲ. ಎಡರೆಕ್ಕೆ ಎತ್ತಿ, ಬೆರಳಿಲ್ಲದ ಜಾಗದಲ್ಲಿ ಹೆಬ್ಬೆರಳು ಆಡಿಸಿದರು.

"ಎರಡು ಹೋದ ಮೇಲೂ ಇಷ್ಟು ಉಳಿಸ್ತಾ?"

"ಹೂಂ ಸರ್."

"ಹಾಗಾದ್ರೆ ಎರಡು ಹೊಸದು ಕೂರಿಸು. ನಾಳೆ ನೋಡೋಣ."

ಅವಳು ಟ್ಯಾಂಕ್ ಕಡೆ ತಿರುಗಿದಳು. ಹದ್ದು ಕಾಲಲ್ಲಿ ಅವಳ ಬೆರಳೊಂದನ್ನು ಹಿಡಿದು ಗೂಡಿಗೋ ಎಲ್ಲಿಗೋ ಹೊರಟಿತ್ತು. ಅವಳು ಮಾಡಿದ್ದೊಂದು ಬ್ಯಾಟರಿಯಿಲ್ಲದೆ ಹಾರಿದ್ದು ಅದೇ ಮೊದಲು. ಕಣ್ಣಿಗೆ ಮರೆಯಾಗುವವರೆಗೆ ನೋಡಿ, ಅಂಟಿನ ಡಬ್ಬಿ ತೆಗೆದುಕೊಂಡಳು.