ಯಾರಿಗೋ ತಂದ ಹಾರ

ಕೊಚ್ಚಿಯಿಂದ ತಿರುವನಂತಪುರಕ್ಕೆ ಸೈಕಲ್ಲಿನಲ್ಲೇ ಹೋಗೋಣ ಎಂದು ಮೊದಲು ಹೇಳಿದವರು ನಮ್ಮ ಮೂವರಲ್ಲಿ ಅತಿ ಹೆಚ್ಚು ತೂಕದವರು. ಧಾರವಾಡ ಕಡೆಯವರು, ಬ್ಯಾಂಕಿನಲ್ಲಿ ಅಧಿಕಾರಿ, ಐವತ್ತು ದಾಟಿದವರು. ವರ್ಗವಾಗಿ ಕೊಚ್ಚಿಗೆ ಬಂದ ಮೇಲೆ ಡಾಕ್ಟರು ದಿನಾ ನಡೆಯಿರಿ ಎಂದಿದ್ದರಂತೆ. ನಡೆಯುವುದು ಬೇಸರ ಎಂದು ಇವರು ಸೈಕಲ್ ಕೊಂಡರು. ನಾನು ಮೈಸೂರಿನವನು, ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ದಿನವಿಡೀ ಕುಳಿತು ಬೆನ್ನು ಬಾಗಿಸಿಕೊಂಡವನು. ಮೂರನೆಯವಳು ಕಾಸರಗೋಡಿನ ಹುಡುಗಿ, ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಕಸ್ಟಮ್ಸ್ ಕಚೇರಿಯ ನೌಕರಿ. ಭಾನುವಾರ ಬೆಳಗ್ಗೆ ಒಂದಿಷ್ಟು ದೂರ ಸೈಕಲ್ ಹೊಡೆಯುವುದು, ಹೊಡೆದ ದೂರಕ್ಕೆ ಮೀರಿದ ತಿಂಡಿ ತಿನ್ನುವುದು, ಇದೇ ನಮ್ಮ ಸ್ನೇಹದ ಬುನಾದಿ. ಮಲಯಾಳ ಓದಲು ಬರುತ್ತಿದ್ದುದು ಅವಳೊಬ್ಬಳಿಗೇ. ನನಗೆ ಬಸ್ಸಿಗೆ, ಊಟಕ್ಕೆ ಸಾಲುವಷ್ಟು ಮಾತು ಬರುತ್ತಿತ್ತು. ಧಾರವಾಡದವರು ಎಲ್ಲರೊಂದಿಗೂ ನಿಧಾನವಾಗಿ, ಗಟ್ಟಿಯಾಗಿ ಕನ್ನಡದಲ್ಲೇ ಮಾತಾಡುತ್ತಿದ್ದರು, ಹೇಗೋ ಕೆಲಸವೂ ಆಗುತ್ತಿತ್ತು.

"ಲಾರಿಯವ್ರಿಗೆ ದೂರದಿಂದ ಕಾಣ್ಬೇಕು" ಎಂದು ಅವರೇ ಮೂವರಿಗೂ ಹಳದಿ ಟೀ ಶರ್ಟು ತಂದರು. ಕಣ್ಣಿಗೆ ಚುಚ್ಚುವ ಹಳದಿ. ಅದನ್ನು ತೊಟ್ಟುಕೊಂಡು ಒಂದು ಶನಿವಾರ ಬೆಳಕು ಹರಿಯುವ ಮೊದಲೇ ಐಲ್ಯಾಂಡ್ ಬಿಟ್ಟು, ತೋಪ್ಪುಂಪಡಿ ದಾಟಿ, ಚೆಲ್ಲಾನಂ ಕಡೆಯ ಕಡಲ ದಾರಿ ಹಿಡಿದೆವು. ಎರಡು ದಿನದ ಪ್ರಯಾಣ. ರಾತ್ರಿ ತಂಗುವುದು ಕೊಲ್ಲಂನಲ್ಲಿ.

ಮೊದಲ ದಿನ ಮಧ್ಯಾಹ್ನದವರೆಗೆ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಮೊಬೈಲಿನ ನಕಾಶೆ ನಂಬಿ ನಾನು ಒಂದು ಓಣಿಗೆ ತಿರುಗಿಸಿದೆ. ಆ ಓಣಿ ಹೋಗಿ ಒಬ್ಬರ ಮನೆಯ ಅಂಗಳದಲ್ಲಿ ಮುಗಿಯಿತು. ಮೀನು ಒಣಹಾಕುತ್ತಿದ್ದ ಅಜ್ಜಿ ನಮ್ಮನ್ನು ನೋಡಿ ಗಾಬರಿಯಾಗಲೂ ಇಲ್ಲ, ಬೈಯಲೂ ಇಲ್ಲ. ನಮ್ಮ ಹಿಂದಿನ ದಾರಿ ತೋರಿಸಿ, ಮೀನು ತಿರುವಿ ಹಾಕುವ ಕೆಲಸ ಮುಂದುವರಿಸಿದರು. ದಿನಕ್ಕೆ ನಾಲ್ಕು ಜನ ಹೀಗೆ ಬರುತ್ತಾರೇನೋ.

ಆಲಪ್ಪುಳ ದಾಟಿ ಬಹಳ ಹೊತ್ತಾದ ಮೇಲೆ ಬಾತುಕೋಳಿಗಳು ಬಂದವು. ರಸ್ತೆಯ ಒಂದು ಬದಿಯ ಗದ್ದೆಯಿಂದ ಇನ್ನೊಂದು ಬದಿಯ ಗದ್ದೆಗೆ ಒಂದು ದೊಡ್ಡ ಹಿಂಡು ದಾಟುತ್ತಿತ್ತು. ಉದ್ದನೆಯ ಕೋಲು ಹಿಡಿದ ಇಬ್ಬರು ಅವನ್ನು ಅಟ್ಟುತ್ತಿದ್ದರು. ನಾನೂ ಕಾಸರಗೋಡಿನವಳೂ ಬ್ರೇಕ್ ಹಿಡಿದು ನಿಂತೆವು. ಧಾರವಾಡದವರ ಸೈಕಲ್ ಇನ್ನೂ ಸೇತುವೆಯ ಇಳಿಜಾರಿನಲ್ಲಿತ್ತು. ನಿಲ್ಲುವಷ್ಟರಲ್ಲಿ ಅವರು ಹಿಂಡಿನ ನಟ್ಟನಡುವೆ ಇದ್ದರು. ಎರಡೂ ಕಾಲು ನೆಲಕ್ಕೂರಿ, ಹ್ಯಾಂಡಲ್ ಬಿಗಿಯಾಗಿ ಹಿಡಿದು ಕೂಗಿದರು.

"ತಮ್ಮಾ! ಈಗ ನಾ ಏನ್ ಮಾಡ್ಲಿ? ಸುತ್ತೂ ಕಡೆ ಬಾತುಕೋಳಿನ ಅದಾವು!"

ಕೋಲಿನವರಲ್ಲಿ ಒಬ್ಬ ಏನೋ ಗದರಿದ.

"ಅಲ್ಲಾಡ್ಬೇಡಿ ಅಂತ ಹೇಳ್ತಿದ್ದಾರೆ ಸಾರ್!" ಎಂದಳು ಕಾಸರಗೋಡಿನವಳು. "ನೀವು ಕಲ್ಲಿನ ಹಾಗೆ ನಿಲ್ಲಿ, ಅವು ಅವುಗಳ ಪಾಡಿಗೆ ಹೋಗ್ತವೆ."

ಅವರು ಕಲ್ಲಿನಂತೆ ನಿಂತರು. ಹಿಂಡು ನೀರಿನ ಹಾಗೆ ಅವರ ಎರಡೂ ಬದಿಗೆ ಸೀಳಿಕೊಂಡು ಹರಿಯಿತು. ಎಲ್ಲ ದಾಟಿದ ಮೇಲೂ ಅವರು ಅಲ್ಲಾಡಲಿಲ್ಲ. ಹತ್ತಿರ ಹೋಗಿ ನೋಡಿದರೆ ಸೈಕಲ್ಲಿನ ಮೇಲೇ ಕಣ್ಣು ಮುಚ್ಚಿಕೊಂಡಿದ್ದರು. "ಹೋದ್ವೇನ್ರಿ?" ಎಂದು ಕೇಳಿದರು.

ಎರಡನೆಯ ದಿನ ಕೊಲ್ಲಂ ಬಿಟ್ಟು ಸ್ವಲ್ಪ ದೂರವೂ ಬಂದಿರಲಿಲ್ಲ, ಕಾಸರಗೋಡಿನವಳ ಹಿಂದಿನ ಚಕ್ರ ಪಂಕ್ಚರ್ ಆಯಿತು. ಅವಳು ಟ್ಯೂಬು ಹೊರತೆಗೆಯುತ್ತಾ, "ನೀವಿಬ್ಬರು ಮುಂದೆ ಹೋಗಿ. ಸಾರ್ ಒಮ್ಮೆ ಇಳಿದ್ರೆ ಮತ್ತೆ ಹತ್ತಿಸುದು ಕಷ್ಟ ಉಂಟು" ಎಂದಳು. ಅದು ಸತ್ಯವಾಗಿದ್ದರಿಂದ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ನಾವಿಬ್ಬರೂ ಹೊರಟೆವು.

ವರ್ಕಲ ಇನ್ನೂ ದೂರವಿತ್ತು. ಒಂದು ಸಣ್ಣ ಕವಲಿನಲ್ಲಿ ಜನ ಸೇರಿದ್ದರು. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಚೆಂಡೆಯವರು, ರಸ್ತೆಗೆ ಅಡ್ಡ ಕಟ್ಟಿದ ಬ್ಯಾನರು. ಮದುವೆಯೋ ಚುನಾವಣೆಯೋ ಎಂದುಕೊಂಡು ಮೆಲ್ಲನೆ ಪಕ್ಕದಲ್ಲಿ ದಾಟಲು ನೋಡಿದೆ. ಅಷ್ಟರಲ್ಲಿ ಯಾರೋ "ವನ್ನು! ವನ್ನು!" ಎಂದು ಕೂಗಿದರು, ಬಂದರು, ಬಂದರು ಎಂದು. ಪಟಾಕಿ ಸಿಡಿಯಿತು. ಚೆಂಡೆ ಶುರುವಾಯಿತು. ಸೈಕಲ್ಲಿನಿಂದ ನಾನು ಇಳಿದೆನೋ ಇಳಿಸಿದರೋ ನೆನಪಿಲ್ಲ. ನೋಡುವಷ್ಟರಲ್ಲಿ ನನ್ನ ಕೊರಳಿನಲ್ಲಿ ಚೆಂಡುಹೂವಿನ ಹಾರವಿತ್ತು, ಕೈಯಲ್ಲಿ ಎಳನೀರಿತ್ತು. ಧಾರವಾಡದವರಿಗೆ ಹಾರದ ಜೊತೆ ಶಾಲನ್ನೂ ಹೊದಿಸಿದ್ದರು.

"ಸಾರ್, ಇದು ನಮಗಲ್ಲ ಅನ್ಸುತ್ತೆ" ಎಂದು ಅವರ ಕಿವಿಯಲ್ಲಿ ಹೇಳಿದೆ.

"ನಮಗಲ್ದ ಮತ್ಯಾರಿಗಿ? ಇಲ್ಲಿ ಬ್ಯಾರೆ ಯಾರರ ಸೈಕಲ್ ಮ್ಯಾಲ ಬಂದಾರೇನು?" ಎಂದರು. "ಈ ಮಂದಿಗೆ ಸೈಕಲ್ ಹೊಡಿಯೋರು ಅಂದ್ರ ಭಾಳ ಪ್ರೀತಿ ನೋಡು."

ಅಂಚು ಹೊಳೆಯುವ ಸೀರೆಯುಟ್ಟ ಹೆಂಗಸೊಬ್ಬರು ಮುಂದೆ ಬಂದು, ಬಾಕಿಯವರು ಎಲ್ಲಿ ಎಂದು ಕೇಳಿದರು. ಆಮೇಲೆ ತಿಳಿಯಿತು, ಅವರು ಆ ವಾರ್ಡಿನ ಪಂಚಾಯತಿ ಸದಸ್ಯೆ. ನಮ್ಮ ಮೂರನೆಯವಳನ್ನೇ ಕೇಳುತ್ತಿದ್ದಾರೆ ಎಂದುಕೊಂಡು ಧಾರವಾಡದವರು ಹಿಂದಕ್ಕೆ ಕೈ ತೋರಿಸಿ, "ಬರಾಕತ್ತಾರ, ಪಂಕ್ಚರ್" ಎಂದರು. ಆ ಒಂದು ಪದ ಎಲ್ಲರಿಗೂ ಅರ್ಥವಾಯಿತು. ಜನ ಕನಿಕರದಿಂದ ತಲೆಯಾಡಿಸಿದರು.

ಕಾಸರಗೋಡಿನವಳು ಬಂದಾಗ ಎರಡನೆಯ ಸರ ಪಟಾಕಿ ಹಚ್ಚಿದರು. ಬೆಚ್ಚಿಬಿದ್ದು ಇಳಿದವಳಿಗೆ ಹಾರ ಹಾಕಿ, ಎಲ್ಲಿಂದ ಎಂದು ಯಾರೋ ಮೈಕಿನಲ್ಲೇ ಕೇಳಿದರು. ಅವಳು ಏದುಸಿರಿನಲ್ಲಿ, "ಕಾಸರಗೋಡ್" ಎಂದಳು.

ಚಪ್ಪಾಳೆಯೋ ಚಪ್ಪಾಳೆ. ಅವಳು ಆಗ ತಲೆಯೆತ್ತಿ ಬ್ಯಾನರು ಓದಿದಳು. ನನ್ನ ತೋಳು ಹಿಡಿದೆಳೆದಳು.

"ಮಾರಾಯ, ಇದು ಮಾದಕ ವಸ್ತುಗಳ ವಿರುದ್ಧ ಸೈಕಲ್ ಜಾಥಾ. ಕಾಸರಗೋಡಿಂದ ತಿರುವನಂತಪುರಕ್ಕೆ. ಇವರು ಕಾಯ್ತಿರುದು ಅವರನ್ನು. ನಾವಲ್ಲ ಅಂತ ಈಗಲೇ ಹೇಳ್ಬೇಕು. ಸಾರ್ ಎಲ್ಲಿ?"

ಸಾರ್ ಮೈಕಿನ ಮುಂದೆ ಇದ್ದರು. "ರಂಡು ವಾಕ್ಕು ಪರಯೂ ಸಾರ್" ಎಂದು ಯಾರೋ ಎರಡು ಮಾತಿಗೆ ಕರೆದಿದ್ದರು. ಇಪ್ಪತ್ತೈದು ವರ್ಷ ಬ್ಯಾಂಕಿನ ಸಭೆಗಳಲ್ಲಿ ಮಾತಾಡಲು ಅವಕಾಶವೇ ಸಿಗದೆ ಕಳೆದ ಮನುಷ್ಯ ಅವರು. ಮೈಕು ಕಂಡದ್ದೇ ಮುಖ ಅರಳಿತ್ತು. ಭಾಷಾಂತರಕ್ಕೆಂದು ಕಾಸರಗೋಡಿನವಳನ್ನೂ ವೇದಿಕೆಗೆ ತಳ್ಳಿದರು. ನಾನು ಎಳನೀರಿನ ಮರೆಯಲ್ಲಿ ನಿಂತೆ.

"ಎಲ್ಲಾರಿಗೂ ನಮಸ್ಕಾರ್ರೀ" ಎಂದು ಶುರು ಮಾಡಿದರು. "ನಾವು ನಿನ್ನೆ ಮುಂಜಾನೆ ಕೊಚ್ಚಿ ಬಿಟ್ಟೀವಿ. ಇಲ್ಲೀತನಕಾ ಬರೂದ್ರಾಗ ನನಗ ಕುಂಡ್ರಾಕೂ ಬರವಲ್ದು, ನಿಂದ್ರಾಕೂ ಬರವಲ್ದು."

ಕಾಸರಗೋಡಿನವಳು ಒಂದು ಕ್ಷಣ ಅವರನ್ನೇ ನೋಡಿದಳು. ಆಮೇಲೆ ಮಲಯಾಳದಲ್ಲಿ ಹೇಳಿದಳು: ದುಶ್ಚಟಕ್ಕೆ ಬಿದ್ದವನು ನೆಮ್ಮದಿಯಾಗಿ ಕೂರಲಾರ, ನಿಲ್ಲಲಾರ.

ಚಪ್ಪಾಳೆ ಬಿತ್ತು. ಧಾರವಾಡದವರಿಗೆ ಹುರುಪು ಬಂತು.

"ನಿನ್ನೆ ನನ್ನ ಸುತ್ತೂ ಕಡೆ ಬಾತುಕೋಳಿ ಬಂದ್ವು. ಗಟ್ಟಿಯಾಗಿ ಹ್ಯಾಂಡಲ್ ಹಿಡ್ಕೊಂಡು ನಿಂತ್ನಿ. ಎಲ್ಲಾ ತಾವ ಹೋದ್ವು."

ಕೆಟ್ಟ ಸಹವಾಸ ನಾಲ್ಕೂ ಕಡೆಯಿಂದ ಬಂದು ಸುತ್ತುವರಿಯುತ್ತದೆ, ಮನಸ್ಸು ಗಟ್ಟಿ ಮಾಡಿ ನಿಂತರೆ ಅದಾಗಿಯೇ ದೂರವಾಗುತ್ತದೆ ಎಂದಳು ಅವಳು. ಪಂಚಾಯತಿ ಸದಸ್ಯೆ ಕಣ್ಣು ಅರಳಿಸಿ ತಲೆದೂಗಿದರು.

"ನಿಮ್ಮ ಊರಾಗ ಜ್ವಾಳದ ರೊಟ್ಟಿ ಇಲ್ಲದನೂ ಮನಷ್ಯಾ ಬದುಕ್ತಾನ ಅಂತ ಗೊತ್ತಾತು. ಆದ್ರ ಚಾ ಇಲ್ದ ಮಾತ್ರ ಆಗೂದಿಲ್ರಿ."

ಇದನ್ನು ಅವಳು ಬಹುಮಟ್ಟಿಗೆ ಹಾಗೆಯೇ ಹೇಳಿದಳು: ಮನುಷ್ಯನಿಗೆ ಚಹಾ ಒಂದಿದ್ದರೆ ಸಾಕು, ಬೇರೆ ಯಾವ ಅಮಲೂ ಬೇಡ. ಶಾಮಿಯಾನ ಹಾರಿಹೋಗುವಷ್ಟು ಚಪ್ಪಾಳೆ. ಆದರೆ ಹಿಂದಿನ ಸಾಲಿನಲ್ಲಿ ಲುಂಗಿಯುಟ್ಟ ಒಬ್ಬರು ಮಾತ್ರ ಚಪ್ಪಾಳೆ ತಟ್ಟದೆ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಣ್ಣಿನಲ್ಲಿ ನೀರು ಬಂದಿತ್ತು. ಸಿಕ್ಕಿಬಿದ್ದೆವು ಎಂದುಕೊಂಡೆ.

ವೇದಿಕೆ ಇಳಿಯುತ್ತಿದ್ದಂತೆ ಅವರು ನೇರ ನಮ್ಮ ಬಳಿ ಬಂದು, ಅಪ್ಪಟ ಬೆಂಗಳೂರು ಕನ್ನಡದಲ್ಲಿ ಹೇಳಿದರು. "ಸಾರ್, ಮಾತು ಸಖತ್ತಾಗಿತ್ತು. ಮೇಡಂ ಹೇಳಿದ್ದು ಅದಕ್ಕಿಂತ ಸಖತ್ತಾಗಿತ್ತು. ನಾನು ಹದಿನೆಂಟು ವರ್ಷ ಬೆಂಗಳೂರಲ್ಲಿ ಬೇಕರಿ ಇಟ್ಟಿದ್ದೆ."

ಧಾರವಾಡದವರು ಕನ್ನಡ ಕೇಳಿದ ಸಂತೋಷದಲ್ಲಿ ಅವರನ್ನು ತಬ್ಬಿಕೊಂಡರು. ಕಾಸರಗೋಡಿನವಳು ಸಣ್ಣ ದನಿಯಲ್ಲಿ, "ದಯವಿಟ್ಟು ಯಾರಿಗೂ ಹೇಳ್ಬೇಡಿ. ಈಗಲೇ ಹೊರಟುಹೋಗ್ತೇವೆ" ಎಂದಳು.

"ಅಯ್ಯೋ, ತಿಂಡಿ ತಿನ್ಕೊಂಡು ಹೋಗಿ. ಕಪ್ಪ ಬೇಯಿಸಿದೀವಿ, ಮೀನು ಸಾರಿದೆ" ಎಂದರು ಬೇಕರಿಯವರು.

ಕಪ್ಪ ಎಂದರೆ ಮರಗೆಣಸು. ಬಾಳೆ ಎಲೆಯ ಮೇಲೆ ಹೊಗೆಯಾಡುತ್ತಾ ಬಂತು. ಹೊರಡಬೇಕೆಂಬ ನಮ್ಮ ನಿರ್ಧಾರ ಅಲ್ಲಿಗೇ ಸಡಿಲವಾಯಿತು. ನಿಜ ಏನೆಂದು ಧಾರವಾಡದವರಿಗೆ ತಿಳಿದದ್ದು ಎರಡನೆಯ ಸಲ ಬಡಿಸಿಕೊಳ್ಳುವಾಗ. ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗದೆ ನಿಂತಿತು.

"ಅಂದ್ರ ಈ ಶಾಲೂ ನನ್ದಲ್ಲ?"

ಉತ್ತರ ಕೊಡುವಷ್ಟರಲ್ಲಿ ರಸ್ತೆಯ ತಿರುವಿನಿಂದ ಸೈಕಲ್ ಬೆಲ್ಲುಗಳ ಸದ್ದು ಕೇಳಿಸಿತು. ಇಪ್ಪತ್ತು ಜನರಾದರೂ ಇದ್ದರು. ಎಲ್ಲರದೂ ಹಳದಿ ಟೀ ಶರ್ಟು. ಪಟಾಕಿಯಿರಲಿ, ಹಾರವೂ ಉಳಿದಿರಲಿಲ್ಲ. ಜನ ಅವರನ್ನೂ ನಮ್ಮನ್ನೂ ಬದಲಿಸಿ ಬದಲಿಸಿ ನೋಡಿದರು. ಚೆಂಡೆಯವರು ಕೋಲು ಎತ್ತಿದವರು ಹಾಗೇ ನಿಂತರು.

ಧಾರವಾಡದವರು ಎದ್ದರು. ಕೈ ತೊಳೆದುಕೊಂಡು, ಶಾಲು ಮಡಿಸಿ, ಕೊರಳ ಹಾರ ತೆಗೆದು, ಸೈಕಲ್ ತಂಡದ ಮುಂದಿದ್ದ ಹೆಂಗಸಿನ ಬಳಿಗೆ ಹೋದರು. ನಡುವಯಸ್ಸು ದಾಟಿದ, ಬಿಸಿಲಿಗೆ ಕಪ್ಪಿಟ್ಟ ಮುಖ. "ತಪ್ಪಾತ್ರಿ. ಇದು ನಿಮ್ಮದು" ಎಂದು ಹಾರ ಚಾಚಿದರು. ಕಾಸರಗೋಡಿನವಳು ಓಡಿಹೋಗಿ, ಈ ಸಲ ಏನನ್ನೂ ಬಚ್ಚಿಡದೆ, ನಡೆದದ್ದನ್ನೆಲ್ಲ ಹೇಳಿದಳು.

ಮೊದಲು ನಕ್ಕವರು ಪಂಚಾಯತಿ ಸದಸ್ಯೆ. ಆಮೇಲೆ ಆ ತಂಡದ ಹೆಂಗಸು ನಕ್ಕರು, ಆದರೆ ಅವರ ಗಂಟಲಿನಿಂದ ಸದ್ದೇ ಹೊರಡಲಿಲ್ಲ. ಊರೂರಿನಲ್ಲಿ ಭಾಷಣ ಮಾಡಿ ಧ್ವನಿ ಪೂರ್ತಿ ಕಟ್ಟಿಹೋಗಿತ್ತು. ಪಿಸುದನಿಯಲ್ಲೇ ಕೇಳಿದರು: ಇಲ್ಲಿಯ ಭಾಷಣ ಮುಗಿದಿದೆಯೇ? ಮುಗಿದಿದೆ ಎಂದಾಗ ಎರಡೂ ಕೈ ಎತ್ತಿ ಆಕಾಶಕ್ಕೆ ಮುಗಿದು, ನೇರವಾಗಿ ಕಪ್ಪದ ಪಾತ್ರೆಯ ಕಡೆ ನಡೆದರು.

ತಿಂದು ಮುಗಿಸಿದ ಮೇಲೆ ಅವರು ಧಾರವಾಡದವರ ಮುಂದೆ ನಿಂತು ಒಂದು ಕೋರಿಕೆ ಇಟ್ಟರು. ತಿರುವನಂತಪುರದವರೆಗೆ ಇನ್ನೂ ಮೂರು ಕಡೆ ಸ್ವಾಗತವಿದೆ, ತನಗೆ ಧ್ವನಿಯಿಲ್ಲ, ಹುಡುಗರಿಗೆ ಮೈಕು ಎಂದರೆ ನಡುಕ, ನೀವೇ ಮಾತಾಡಬಾರದೇ? ಧಾರವಾಡದವರು ನಮ್ಮತ್ತ ನೋಡಿದರು. ಆ ಮುಖ ನೋಡಿ ಬೇಡ ಎನ್ನುವ ಧೈರ್ಯ ಯಾರಿಗಿದೆ?

ಹೀಗೆ ನಾವು ಮೂವರು ಆ ಜಾಥಾದ ಬಾಲವಾಗಿ ಹೊರಟೆವು. ಬಾಲ ಎಂದೆನೇ? ಧಾರವಾಡದವರನ್ನು ಮುಂದೆಯೇ ಬಿಟ್ಟಿದ್ದರು, ಅವರ ವೇಗಕ್ಕೇ ಎಲ್ಲರೂ ಹೊಂದಿಕೊಂಡರು. ಮೊದಲೆರಡು ಕಡೆ ಅವರು ರಸ್ತೆ, ಬಿಸಿಲು, ಬೆಳಗ್ಗೆ ತಿಂದ ಪುಟ್ಟು ಕಡಲೆ ಎಂದು ಮಾತಾಡಿದರು. ಕಾಸರಗೋಡಿನವಳು ಅದನ್ನು ಅಂದವಾಗಿ ಉಪದೇಶಕ್ಕೆ ತಿರುಗಿಸಿದಳು. ಬರಬರುತ್ತಾ ಅವಳಿಗೂ ರುಚಿ ಹತ್ತಿತ್ತು.

ಕೊನೆಯ ಸ್ವಾಗತ ನಗರದ ಅಂಚಿನಲ್ಲಿ ಒಂದು ಶಾಲೆಯ ಅಂಗಳದಲ್ಲಿ. ಅಲ್ಲಿ ಅವರು ಮೈಕು ಹಿಡಿದರು.

"ನಾ ಗುಟಕಾ ತಿಂತಿದ್ನಿ" ಎಂದರು. "ಭಾಳ ವರ್ಷ. ಡಾಕ್ಟರ್ ಹೇಳಿದ್ರೂ ಬಿಡಲಿಲ್ಲ, ಹೆಂಡ್ತಿ ಅತ್ರೂ ಬಿಡಲಿಲ್ಲ. ನನ್ನ ಮಗಳಿಗಿ ಮೂರು ವರ್ಷ ಇದ್ದಾಗ ಎತ್ಕೋಳಾಕ ಹೋದ್ನಿ. ಆಕಿ ಮೂಗು ಮುಚ್ಕೊಂಡು ಅವರವ್ವನ ಕಡೆ ತಿರುಗಿದ್ಲು. ಅಷ್ಟ. ಅವತ್ತು ಬಿಟ್ನಿ."

ನಮಗಿದು ಗೊತ್ತಿರಲಿಲ್ಲ. ಕಾಸರಗೋಡಿನವಳು ಈ ಸಲ ಏನನ್ನೂ ಸೇರಿಸಲಿಲ್ಲ, ಏನನ್ನೂ ತಿರುಗಿಸಲಿಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದಳು. ಚಪ್ಪಾಳೆ ಬಹಳ ಹೊತ್ತು ಇತ್ತು.

ಸಂಜೆ ಜಾಥಾದವರಿಗೆ ಕೈ ಬೀಸಿ ಶಂಖುಮುಖಂ ಕಡಲಿಗೆ ಹೋದೆವು. ಸೈಕಲ್ಲುಗಳನ್ನು ಮಲಗಿಸಿ ನಾವೂ ಮರಳಿನ ಮೇಲೆ ಮಲಗಿದೆವು. ಧಾರವಾಡದವರ ಮೊಬೈಲು ರಿಂಗಾಯಿತು. ಕೊಚ್ಚಿಯಿಂದ ಮಗಳು, ಈಗ ಕಾಲೇಜಿಗೆ ಹೋಗುತ್ತಾಳೆ. ಅವಳ ಮಾತೆಲ್ಲ ಕೊಚ್ಚಿಗೆ ಬಂದ ಮೇಲೆ ಕಲಿತ ಮಲಯಾಳ ಬೆರೆತ ಕನ್ನಡದಲ್ಲಿ, ಇವರ ಮಾತೆಲ್ಲ ಧಾರವಾಡದ ಕನ್ನಡದಲ್ಲಿ. ಅವರ ಮನೆಯ ಪದ್ಧತಿಯೇ ಅದು, ಹೇಗೋ ಇಬ್ಬರಿಗೂ ತಿಳಿಯುತ್ತದೆ. ಕಾಲು ನೋಯುತ್ತಿದೆಯೇ ಎಂದು ಕೇಳಿದಳು. "ಏನೂ ಇಲ್ಲವ್ವಾ, ಹೂವಿನಂಗ ಅದೀನಿ" ಎಂದರು.

ಮಾತು ಮುಗಿಸಿ ಏಳಲು ನೋಡಿದರು. ಆಗಲಿಲ್ಲ. ಎತ್ತಲು ನಾನು ಎದ್ದೆ, ನನ್ನ ತೊಡೆಯೂ ಹಿಡಿದುಕೊಂಡಿತು. ಕಾಸರಗೋಡಿನವಳು ಮಲಗಿದಲ್ಲಿಂದಲೇ, "ರೈಲಿಗೆ ಇನ್ನೂ ಹೊತ್ತುಂಟು ಮಾರಾಯ್ರೆ, ಮಲಗಿ" ಎಂದಳು. ಬಜ್ಜಿ ಮಾರುವವನನ್ನು ಕೈಸನ್ನೆ ಮಾಡಿ ಅಲ್ಲಿಗೇ ಕರೆದೆವು.